ಕಬ್ಬಿಣದ ಮುಖವಾಡದ ಅವಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಲೆಕ್ಸಾಂಡರ್ ಡ್ಯೂಮಾ ಬರೆದ ಕಬ್ಬಿಣದ ಮುಖವಾಡದ ಕೈದಿಯ ಕಥೆ ಹೈಸ್ಕೂಲಿನಿಂದಲೂ ನನ್ನ ಜೊತೆಗಿದೆ. ಮೊದಲು ಓದಿದ್ದು ಮಕ್ಕಳಿಗೆಂದು ಮೊಟಕು ಮಾಡಿದ್ದ ಇಂಗ್ಲಿಷ್ ಪುಸ್ತಕ. ಅದರ ಕೊನೆಯ ನಾಲ್ಕು ಹಾಳೆ ಯಾರೋ ಕಿತ್ತುಕೊಂಡು ಹೋಗಿದ್ದರು. ಹಾಗಾಗಿ ಆ ಹುಡುಗ ಬಿಡುಗಡೆಯಾದನೋ ಇಲ್ಲವೋ ಅಂತ ವರ್ಷಗಟ್ಟಲೆ ನನಗೆ ಗೊತ್ತಿರಲಿಲ್ಲ, ಆ ತಳಮಳದಲ್ಲೇ ಇಡೀ ಕಾದಂಬರಿ ಹುಡುಕಿ ಓದಿದೆ, ಆಮೇಲೆ ಅದರ ಹಿಂದಿನ ನಿಜವಾದ ಕೈದಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಈ ಪುಸ್ತಕ ಓದಿ ಅಂತ ಯಾರಿಗೆ ಹೇಳಿದರೂ ಇವೇ ಪ್ರಶ್ನೆಗಳು ಬರುತ್ತವೆ. ಒಂದೇ ಕಡೆ ಉತ್ತರ ಬರೆದಿಡೋಣ ಅನ್ನಿಸಿತು. ಕಥೆಯ ಗುಟ್ಟುಗಳೂ ಇಲ್ಲಿ ಬರುತ್ತವೆ. ಏನೂ ತಿಳಿಯದೆ ಓದಬೇಕು ಅನ್ನುವವರು ಮೊದಲ ಮೂರು ಉತ್ತರ ನೋಡಿ ಅಲ್ಲಿಗೇ ನಿಲ್ಲಿಸಿ.

ಕಥೆ ಏನು, ಚಿಕ್ಕದಾಗಿ ಹೇಳಿ.

ಫ್ರಾನ್ಸಿನ ರಾಜ 14ನೇ ಲೂಯಿಗೆ ಒಬ್ಬ ಅವಳಿ ತಮ್ಮ ಇದ್ದಾನೆ. ಹೆಸರು ಫಿಲಿಪ್. ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಅದೇ ಮುಖ. ಅವನು ಇರುವುದು ಜಗತ್ತಿಗೆ ಗೊತ್ತಿಲ್ಲ, ಅವನಿಗೂ ತಾನು ಯಾರು ಅಂತ ಗೊತ್ತಿಲ್ಲ. ಬಾಸ್ಟಿಲ್ ಸೆರೆಮನೆಯಲ್ಲಿ ಬೇರೆ ಯಾವುದೋ ಹೆಸರಿನಲ್ಲಿ ಕೊಳೆಯುತ್ತಿದ್ದಾನೆ. ಹಿಂದೆ ರಾಜನ ಸೈನಿಕನಾಗಿದ್ದು ಈಗ ಬಿಷಪ್ ಆಗಿರುವ ಅರಾಮಿಸ್‌ಗೆ ಈ ಗುಟ್ಟು ಸಿಗುತ್ತದೆ. ಅಣ್ಣನನ್ನು ಸೆರೆಗೆ ಹಾಕಿ ತಮ್ಮನನ್ನು ಸಿಂಹಾಸನದ ಮೇಲೆ ಕೂರಿಸುವುದಕ್ಕೆ ಅವನು ಹೊರಡುತ್ತಾನೆ.

ಇದು ಒಂದು ಪೂರ್ತಿ ಪುಸ್ತಕವೋ, ಬೇರೆ ಯಾವುದರದ್ದಾದರೂ ಭಾಗವೋ?

ಭಾಗ. ಗೊಂದಲ ಜಾಸ್ತಿ ಆಗುವುದು ಇಲ್ಲೇ. ಡ್ಯೂಮಾ 1844ರಲ್ಲಿ 'ತ್ರೀ ಮಸ್ಕಿಟಿಯರ್ಸ್' ಬರೆದ. ಮುಂದಿನ ವರ್ಷ ಅದರ ಎರಡನೇ ಕಥೆ ಬಂತು. ಮೂರನೆಯದು 'ವಿಕೋಂತ್ ದ ಬ್ರಾಜಲೋನ್'. ಇದು 1847ರಿಂದ 1850ರವರೆಗೆ ಪ್ಯಾರಿಸ್ಸಿನ ಒಂದು ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆಗುಸ್ತ್ ಮಾಕೆ ಅನ್ನುವವನು ಇದರಲ್ಲಿ ಡ್ಯೂಮಾಗೆ ಜೊತೆಗಾರನಾಗಿ ಕೆಲಸ ಮಾಡಿದ. ಎಷ್ಟು ದೊಡ್ಡದು ಅಂದರೆ ಇಂಗ್ಲಿಷಿಗೆ ತಂದವರು ಅದನ್ನು ಮೂರೋ ನಾಲ್ಕೋ ಪುಸ್ತಕ ಮಾಡಿ ಕೊನೆಯದಕ್ಕೆ 'ದ ಮ್ಯಾನ್ ಇನ್ ದ ಐರನ್ ಮಾಸ್ಕ್' ಅಂತ ಹೆಸರಿಟ್ಟರು. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಈ ಕೊನೆಯ ಭಾಗ ಮಾತ್ರ. ಅದರಲ್ಲೂ ಅವಳಿಯ ಕಥೆ ಅರ್ಧಕ್ಕಿಂತ ಕಡಿಮೆ. ಉಳಿದದ್ದು ನಾಲ್ವರು ಹಳೆ ಗೆಳೆಯರ ಕೊನೆಗಾಲ.

ಹಿಂದಿನ ಪುಸ್ತಕಗಳನ್ನು ಓದದೆ ನೇರವಾಗಿ ಇದನ್ನೇ ಹಿಡಿಯಬಹುದಾ?

ಹಿಡಿಯಬಹುದು. ದಾರ್ತಾನ್ಯಾ, ಆಥೋಸ್, ಪೋರ್ಥೋಸ್, ಅರಾಮಿಸ್ ನಾಲ್ವರೂ ಯೌವನದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು, ಈಗ ವಯಸ್ಸಾಗಿ ಬೇರೆ ಬೇರೆ ದಾರಿ ಹಿಡಿದವರು. ಇಷ್ಟು ನೆನಪಿಟ್ಟುಕೊಂಡರೆ ಸಾಕು. ಆದರೆ ಪೋರ್ಥೋಸ್ ಸಾಯುವಾಗ ಅಳು ಬರಬೇಕು ಅಂದರೆ ಮೊದಲನೆಯದನ್ನಾದರೂ ಓದಿರಬೇಕು. ಇಂಗ್ಲಿಷ್ ಅನುವಾದಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಅವಳಿ ಗಂಡುಮಕ್ಕಳು ಹುಟ್ಟಿದರೆ ಅರಮನೆ ಕುಣಿದಾಡಬೇಕಲ್ವಾ? ಒಂದನ್ನು ಬಚ್ಚಿಟ್ಟಿದ್ದು ಯಾಕೆ?

ಕಾದಂಬರಿಯ ಜೀವ ಇರುವುದು ಈ ಪ್ರಶ್ನೆಯಲ್ಲೇ. ಉತ್ತರಕ್ಕೆ ಸ್ವಲ್ಪ ಹಿಂದಿನ ಇತಿಹಾಸ ಬೇಕು.

13ನೇ ಲೂಯಿ ಮತ್ತು ರಾಣಿ ಆನ್ ಮದುವೆಯಾದದ್ದು 1615ರಲ್ಲಿ. ಮಗ ಹುಟ್ಟಿದ್ದು 1638ರ ಸೆಪ್ಟೆಂಬರ್ 5ರಂದು. 23 ವರ್ಷ ಕಾದರು. ಅಷ್ಟು ವರ್ಷ ಮಕ್ಕಳಿಲ್ಲದ ಹೆಂಗಸು ಆ ಅರಮನೆಯಲ್ಲಿ ಏನೇನು ಮಾತು ಕೇಳಿರಬೇಡ! ಆ ಕಾಲದಲ್ಲಿ ಪಟ್ಟಕ್ಕೆ ಮುಂದಿನವನು ರಾಜನ ತಮ್ಮ ಗ್ಯಾಸ್ಟನ್. ಅವನು ಸುಮ್ನೆ ಕೂತವನಲ್ಲ, ಅಣ್ಣನ ಮೇಲೆ ಮತ್ತೆ ಮತ್ತೆ ಸಂಚು ಮಾಡಿದವನು. ಅರಮನೆಯಲ್ಲಿ ಎರಡನೇ ಗಂಡುಮಗ ಅಂದರೆ ಏನು ಅಂತ ಎಲ್ಲರಿಗೂ ಗ್ಯಾಸ್ಟನ್‌ನನ್ನು ನೋಡಿಯೇ ಗೊತ್ತಿತ್ತು.

ಈಗ ಕಾದಂಬರಿಗೆ ಬನ್ನಿ. ಬೆಳಿಗ್ಗೆ ಒಂದು ಮಗು ಹುಟ್ಟುತ್ತದೆ. ಊರೆಲ್ಲ ಸಂಭ್ರಮ. ಗಂಟೆಗಳ ನಂತರ, ಹಬ್ಬ ನಡೆಯುತ್ತಿರುವಾಗಲೇ, ರಾಣಿಗೆ ಮತ್ತೆ ನೋವು ಶುರುವಾಗಿ ಇನ್ನೊಂದು ಗಂಡು ಹುಟ್ಟುತ್ತದೆ. ದೊಡ್ಡವನು ಯಾರು? ಮೊದಲು ಹೊರಬಂದವನೇ ಅಂತ ಕಾನೂನು. ಆದರೆ ನಂತರ ಹುಟ್ಟಿದವನೇ ಮೊದಲು ಬಸಿರಾದವನು, ಹಾಗಾಗಿ ಅವನೇ ಹಿರಿಯ ಅಂತ ವಾದ ಮಾಡುವ ವೈದ್ಯರೂ ಆಗ ಇದ್ದರು. ಅಂದರೆ ಇಬ್ಬರಿಗೂ ಪಟ್ಟದ ಹಕ್ಕಿದೆ ಅಂತ ಹೇಳಿ ಎರಡು ಸೈನ್ಯ ಕಟ್ಟಬಹುದು. ಯುದ್ಧ ತಪ್ಪಿಸುವುದಕ್ಕೆ ಒಂದು ಮಗುವನ್ನು ಇಲ್ಲ ಅನ್ನಿಸಿಬಿಡುತ್ತಾರೆ.

ಮುಂದೆ 1640ರಲ್ಲಿ ರಾಣಿಗೆ ನಿಜವಾಗಿ ಇನ್ನೊಬ್ಬ ಮಗ ಹುಟ್ಟಿದ. ಅವನ ಹೆಸರೂ ಫಿಲಿಪ್, ಓರ್ಲಿಯಾನ್ಸ್ ಡ್ಯೂಕ್. ಎಲ್ಲರ ಕಣ್ಣೆದುರಿಗೇ ಬೆಳೆದ. ಆದರೆ ಅವನು ಅಣ್ಣನಿಗೆ ಎದುರಾಳಿ ಆಗದ ಹಾಗೆ ಅಧಿಕಾರದಿಂದ ಜೀವನಪೂರ್ತಿ ದೂರ ಇಟ್ಟರು. ತಮ್ಮನ ಬಗೆಗಿನ ಆ ಭಯ ಡ್ಯೂಮಾ ಹುಟ್ಟಿಸಿದ್ದಲ್ಲ, ಆ ಮನೆಯೊಳಗೆ ಇದ್ದದ್ದೇ.

ಫಿಲಿಪ್‌ಗೆ ತಾನು ಯಾರು ಅಂತ ಗೊತ್ತಾಗುವುದು ಹೇಗೆ?

ಎರಡು ದೃಶ್ಯಗಳಿವೆ. ನನಗೆ ಇಡೀ ಪುಸ್ತಕದಲ್ಲಿ ಇವೇ ಹೆಚ್ಚು ಇಷ್ಟ.

ಒಂದು, ಬಾವಿಯದ್ದು. ಹುಡುಗ ಒಂದು ಹಳ್ಳಿಯ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಸುತ್ತ ಎತ್ತರದ ಗೋಡೆ, ಒಳಗೆ ಒಬ್ಬ ಮೇಷ್ಟ್ರು, ಒಬ್ಬ ದಾದಿ. ಆಗಾಗ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಬಂದು ನೋಡಿಕೊಂಡು ಹೋಗುತ್ತಾಳೆ. ಒಂದು ದಿನ ಮೇಷ್ಟ್ರ ಕೈಯಲ್ಲಿದ್ದ ಕಾಗದ ಗಾಳಿಗೆ ಹಾರಿ ಬಾವಿಗೆ ಬೀಳುತ್ತದೆ. ಮೇಷ್ಟ್ರೂ ದಾದಿಯೂ ಗಾಬರಿಬೀಳುತ್ತಾರೆ. ರಾಣಿಯ ಕಾಗದ ಹೋಯಿತು ಅನ್ನುವ ಮಾತು ಹುಡುಗನ ಕಿವಿಗೆ ಬೀಳುತ್ತದೆ. ಅವರು ಆಳನ್ನು ಕರೆಯಲು ಹೋದಾಗ ಹುಡುಗ ತಾನೇ ಬಾವಿಗೆ ಇಳಿಯುತ್ತಾನೆ. ತಣ್ಣಗಿನ ನೀರು, ಕೈಗೆ ಸಿಕ್ಕ ಒದ್ದೆ ಕಾಗದ, ಅಕ್ಷರಗಳು ಆಗಲೇ ಕದಡುತ್ತಿವೆ. ಅದನ್ನು ಎದೆಗೆ ಅವಚಿಕೊಂಡು ಮೇಲೆ ಬಂದು ಮರೆಯಲ್ಲಿ ಒಣಗಿಸಿ ಓದುತ್ತಾನೆ. ಮಹಾರಾಣಿಯೇ ಕಾಗದ ಬರೆದು ವಿಚಾರಿಸುವಷ್ಟು ತಾನು ಯಾರು ಅನ್ನುವ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಆ ಚಳಿಗೆ ಜ್ವರ ಬಂದು ಮಲಗುತ್ತಾನೆ, ಜ್ವರದಲ್ಲಿ ಎಲ್ಲ ಹೇಳಿಬಿಡುತ್ತಾನೆ. ಅವನಿಗೆ ಗೊತ್ತಾಯಿತು ಅನ್ನುವ ಕಾರಣಕ್ಕೇ ಮೇಷ್ಟ್ರು, ದಾದಿ ಇಬ್ಬರೂ ಸಾಯುತ್ತಾರೆ, ಅವನು ಸೆರೆಮನೆ ಸೇರುತ್ತಾನೆ.

ಇನ್ನೊಂದು, ಕನ್ನಡಿಯದ್ದು. ಫಿಲಿಪ್ ಕನ್ನಡಿ ಅನ್ನುವುದನ್ನೇ ನೋಡಿಲ್ಲ. ಅರಾಮಿಸ್ ಪಾದ್ರಿಯಾಗಿ ಸೆರೆಕೋಣೆಗೆ ಬಂದು ಮೊದಲು ರಾಜನ ಚಿತ್ರ ಕೊಡುತ್ತಾನೆ, ಆಮೇಲೆ ಕನ್ನಡಿ ಕೊಡುತ್ತಾನೆ. ಫಿಲಿಪ್ ಒಂದನ್ನು ನೋಡಿ ಇನ್ನೊಂದನ್ನು ನೋಡುತ್ತಾನೆ. ಆ ಹೊತ್ತಿಗೆ ಯಾರೂ ಏನೂ ವಿವರಿಸಬೇಕಿಲ್ಲ. ತನ್ನ ಮುಖ ಹೇಗಿದೆ ಅಂತ ತಿಳಿದ ಗಳಿಗೆಯಲ್ಲೇ ಅದು ಇನ್ನೊಬ್ಬನ ಮುಖ ಅಂತಲೂ ತಿಳಿಯುತ್ತದೆ. ಮುಂದೆ ಅವನನ್ನು ಮತ್ತೆ ಸೆರೆಗೆ ಹಾಕಿ ಆ ಮುಖವನ್ನೇ ಕಬ್ಬಿಣದ ಮುಖವಾಡದಿಂದ ಮುಚ್ಚಿಬಿಡುತ್ತಾರೆ. ಅವನು ತನ್ನ ಮುಖವನ್ನು ತನ್ನದು ಅಂತ ಇಟ್ಟುಕೊಂಡದ್ದು ಎಷ್ಟು ದಿನ ಅಂತ ಲೆಕ್ಕ ಹಾಕಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಲು ಬದಲು ಮಾಡುವುದು ನಂಬುವ ಹಾಗಿದೆಯಾ?

ಮುಖ ಒಂದೇ ಇದ್ದ ಮಾತ್ರಕ್ಕೆ ಆಗುವ ಕೆಲಸ ಅಲ್ಲ ಅಂತ ಡ್ಯೂಮಾಗೆ ಚೆನ್ನಾಗಿ ಗೊತ್ತಿತ್ತು. ಅರಾಮಿಸ್ ಮೊದಲೇ ಟಿಪ್ಪಣಿಗಳನ್ನು ಕೊಟ್ಟು ಓದಿಸಿರುತ್ತಾನೆ. ಆಮೇಲೆ ಪರೀಕ್ಷೆ ಮಾಡುವ ಹಾಗೆ ಕೇಳುತ್ತಾನೆ: ಇವರು ಯಾರು, ಅವರಿಗೂ ರಾಜನಿಗೂ ಏನು ಸಂಬಂಧ, ತಾಯಿಯ ಜೊತೆ ಹೇಗೆ ಮಾತಾಡಬೇಕು. ಮಂತ್ರಿ ಫೂಕೆಯ ಬಂಗಲೆಯಲ್ಲಿ ರಾಜ ಮಲಗುವ ಕೋಣೆಯ ಮೇಲೆ ಒಂದು ಗುಪ್ತ ಜಾಗ ಮಾಡಿ, ಅಲ್ಲಿಂದ ಅಣ್ಣ ಹೇಗೆ ಕೂರುತ್ತಾನೆ, ಹೇಗೆ ಮಾತಾಡುತ್ತಾನೆ ಅಂತ ತಮ್ಮನಿಗೆ ತೋರಿಸುತ್ತಾನೆ. ನಂತರ ರಾಜ ಮಲಗಿದ್ದ ಮಂಚವೇ ನೆಲದೊಳಗೆ ಇಳಿಯುತ್ತದೆ, ಅವನನ್ನು ಬಾಸ್ಟಿಲ್‌ಗೆ ಸಾಗಿಸುತ್ತಾರೆ. ಅದು ನಾಟಕದ ತಂತ್ರ, ಒಪ್ಪುತ್ತೇನೆ. ಆದರೆ ಟಿಪ್ಪಣಿ ಓದಿಸುವ ಭಾಗ ಪೂರ್ತಿ ನಂಬುವ ಹಾಗಿದೆ.

ಒಂದೇ ಕೊರತೆ. ಅವಳಿಗಳು ಬೇರೆ ಬೇರೆ ಕಡೆ ಬೆಳೆದರೆ ಮೂಗು ಬಾಯಿ ಒಂದೇ ಇರಬಹುದು, ನಡಿಗೆ, ಮೈಕಟ್ಟು, ಚರ್ಮದ ಬಣ್ಣ ಹಾಗೇ ಇರುವುದಿಲ್ಲ. ವರ್ಷಗಟ್ಟಲೆ ಬಿಸಿಲು ಕಾಣದವನು ಕುದುರೆ ಸವಾರಿ ಮಾಡಿ ಬೆಳೆದ ರಾಜನ ಹಾಗೆ ಕಾಣುವುದು ಕಷ್ಟ. ನಮ್ಮ ಡಬಲ್ ಆ್ಯಕ್ಟಿಂಗ್ ಸಿನಿಮಾ ನೋಡಿ ಬೆಳೆದವರಿಗೆ ಇದೇನೂ ತೊಂದರೆ ಅನ್ನಿಸಲ್ಲ.

ಫೂಕೆ ಯಾಕೆ ರಾಜನನ್ನು ಸೆರೆಯಿಂದ ಬಿಡಿಸಿದ? ಸುಮ್ಮನಿದ್ದಿದ್ದರೆ ಅವನೇ ಉಳಿಯುತ್ತಿದ್ದನಲ್ವಾ?

ಹೌದು, ಉಳಿಯುತ್ತಿದ್ದ. ಲೂಯಿ ತನ್ನನ್ನು ಮುಗಿಸುತ್ತಾನೆ ಅಂತ ಫೂಕೆಗೆ ಗೊತ್ತು. ಅರಾಮಿಸ್ ಬಂದು ರಾಜನನ್ನೇ ಬದಲಾಯಿಸಿಬಿಟ್ಟೆ, ನೀನು ಗೆದ್ದೆ ಅನ್ನುತ್ತಾನೆ. ಫೂಕೆಗೆ ಮೊದಲು ಹೊಳೆಯುವುದು ತನ್ನ ಮನೆಗೆ ಬಂದ ಅತಿಥಿಗೆ ತನ್ನ ಸೂರಿನ ಕೆಳಗೇ ದ್ರೋಹವಾಯಿತು ಅನ್ನುವುದು. ಅರಾಮಿಸ್‌ಗೆ ಓಡಿಹೋಗಲು ಸಮಯ ಕೊಟ್ಟು, ತಾನೇ ಬಾಸ್ಟಿಲ್‌ಗೆ ಧಾವಿಸಿ ತನ್ನ ಶತ್ರುವನ್ನು ಬಿಡಿಸುತ್ತಾನೆ. ಮನೆಗೆ ಬಂದವರ ಬಗ್ಗೆ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದೂ ಇದನ್ನೇ ಅಲ್ವಾ? ಓದುವಾಗ ಫೂಕೆಯ ಮೇಲೆ ಸಿಟ್ಟು ಬರುತ್ತದೆ, ಅವನು ಮಾಡಿದ್ದು ತಪ್ಪು ಅನ್ನಲು ಮಾತ್ರ ಬಾಯಿ ಬರುವುದಿಲ್ಲ.

ಲೂಯಿ ವಾಪಸ್ ಬಂದಾಗ ಇಬ್ಬರು ಮಕ್ಕಳೂ ತಾಯಿಯ ಎದುರು ನಿಲ್ಲುತ್ತಾರೆ. ನಾನು ನಿನ್ನ ಮಗ ಅಲ್ಲದೇ ಇದ್ದಿದ್ದರೆ ನಿನಗೆ ಶಾಪ ಹಾಕುತ್ತಿದ್ದೆ ಅನ್ನುವ ಅರ್ಥದ ಮಾತು ಹೇಳುತ್ತಾನೆ ಫಿಲಿಪ್. ರಾಣಿಗೆ ಉತ್ತರ ಇಲ್ಲ.

ನಿಜವಾಗಿಯೂ ಅಂಥ ಕೈದಿ ಇದ್ದನಾ?

ಇದ್ದ. ಇದು ಕಟ್ಟುಕಥೆ ಅಲ್ಲ.

1669ರ ಜುಲೈನಲ್ಲಿ ಯುದ್ಧಮಂತ್ರಿ ಲೂವ್ವಾ ಒಂದು ಪತ್ರ ಬರೆಯುತ್ತಾನೆ. ಯಾರಿಗೆ ಅಂದರೆ ಆಲ್ಪ್ಸ್ ಬೆಟ್ಟಗಳ ಬುಡದಲ್ಲಿದ್ದ ಪಿನ್ಯರೋಲ್ ಕೋಟೆಯ ಸೆರೆಮನೆ ಅಧಿಕಾರಿ ಸ್ಯಾಂ ಮಾರ್‌ಗೆ. ಊರು ಈಗ ಇಟಲಿಯಲ್ಲಿದೆ. ಒಬ್ಬ ಕೈದಿ ಬರುತ್ತಿದ್ದಾನೆ, ಅವನ ಮಾತು ಹೊರಗೆ ಕೇಳಿಸದ ಹಾಗೆ ಒಂದರ ಹಿಂದೆ ಒಂದು ಬಾಗಿಲಿರುವ ಕೋಣೆ ಸಿದ್ಧ ಮಾಡು, ದಿನಕ್ಕೆ ಒಂದೇ ಸಲ ನೀನೇ ಖುದ್ದಾಗಿ ಊಟ ಕೊಡು, ತನ್ನ ಅಗತ್ಯ ಬಿಟ್ಟು ಬೇರೆ ಮಾತೆತ್ತಿದರೆ ಕೊಲ್ಲುತ್ತೇನೆ ಅಂತ ಹೆದರಿಸು ಅಂತೆಲ್ಲ ಅದರಲ್ಲಿದೆ. ಕೊನೆಗೆ, ಅವನು ಬರೀ ಒಬ್ಬ ಸೇವಕ, ಕೋಣೆಗೆ ಜಾಸ್ತಿ ಸಾಮಾನು ಬೇಡ ಅಂತಲೂ ಇದೆ. ಕೈದಿಯ ಹೆಸರು ಯೂಸ್ತಾಶ್ ದೋಜೆ.

ಅಲ್ಲಿಂದ ಸ್ಯಾಂ ಮಾರ್‌ಗೆ ಎಲ್ಲಿ ವರ್ಗವಾದರೂ ಈ ಕೈದಿಯೂ ಜೊತೆಗೆ ಹೋಗಬೇಕು. 1681ರಲ್ಲಿ ಎಗ್ಜಿಲ್ ಕೋಟೆ, 1687ರಲ್ಲಿ ಕಾನ್ ಊರಿನ ಎದುರಿನ ಸೇಂಟ್ ಮಾರ್ಗರಿಟ್ ದ್ವೀಪ, 1698ರ ಸೆಪ್ಟೆಂಬರ್ 18ರಂದು ಪ್ಯಾರಿಸ್ಸಿನ ಬಾಸ್ಟಿಲ್. ಅವತ್ತು ಬಾಸ್ಟಿಲ್‌ನ ಅಧಿಕಾರಿ ದ್ಯು ಜಂಕಾ ತನ್ನ ದಿನಚರಿಯಲ್ಲಿ, ಯಾವಾಗಲೂ ಮುಖವಾಡ ಹಾಕಿಸಿರುವ, ಹೆಸರು ಹೇಳದ ಕೈದಿಯನ್ನು ಹೊಸ ಗವರ್ನರ್ ಕರೆತಂದ ಅಂತ ಬರೆದುಕೊಂಡ. ರಾತ್ರಿ ಅವನನ್ನು ಬೆರ್ತೋದಿಯೇರ್ ಅನ್ನುವ ಗೋಪುರದಲ್ಲಿಟ್ಟರು. ಡ್ಯೂಮಾ ತನ್ನ ಫಿಲಿಪ್‌ನನ್ನೂ ಅದೇ ಗೋಪುರದಲ್ಲಿ ಇಟ್ಟಿದ್ದಾನೆ.

1703ರ ನವೆಂಬರ್ 19ರಂದು ಕೈದಿ ತೀರಿಕೊಂಡ. ಮಾರನೇ ದಿನ ಸೇಂಟ್ ಪಾಲ್ ಚರ್ಚಿನ ಸ್ಮಶಾನದಲ್ಲಿ ಹೂಳಿದರು. ಚರ್ಚಿನ ಪುಸ್ತಕದಲ್ಲಿ 'ಮಾರ್ಕಿಯೋಲಿ' ಅಂತ ಹೆಸರು, ವಯಸ್ಸು ಸುಮಾರು 45 ಅಂತ ಬರೆದರು. 34 ವರ್ಷ ಸೆರೆಯಲ್ಲಿದ್ದವನಿಗೆ 45 ವರ್ಷ ಅಂದರೆ ಹಿಡಿದಾಗ 11 ವರ್ಷದ ಹುಡುಗ ಆಗಬೇಕಿತ್ತು. ಹೆಸರಿನ ಜೊತೆ ವಯಸ್ಸೂ ಸುಳ್ಳು.

ಮುಖವಾಡ ಕಬ್ಬಿಣದ್ದೇ?

ಕಪ್ಪು ಮಖಮಲ್ ಬಟ್ಟೆಯದ್ದು. ದ್ಯು ಜಂಕಾ ಹಾಗೇ ಬರೆದಿದ್ದಾನೆ. ಯಾವಾಗಲೂ ಅಂತ ಅವನು ಬರೆದಿದ್ದರೂ ಹಗಲೂ ರಾತ್ರಿ ಹಾಕಿಸಿರಲಿಕ್ಕಿಲ್ಲ, ಪ್ರಯಾಣದಲ್ಲಿ, ಬೇರೆಯವರ ಕಣ್ಣಿಗೆ ಬೀಳುವ ಹೊತ್ತಿನಲ್ಲಿ ಹಾಕಿಸುತ್ತಿದ್ದರು. ಕಬ್ಬಿಣ, ಉಕ್ಕು, ಗಲ್ಲದ ಹತ್ತಿರ ಸ್ಪ್ರಿಂಗ್, ಇವೆಲ್ಲ ಬಾಯಿಂದ ಬಾಯಿಗೆ ಹೋಗಿ ಸೇರಿಕೊಂಡವು. ಗಲ್ಲದ ಸ್ಪ್ರಿಂಗ್ ಫ್ರೆಂಚ್ ಲೇಖಕ ವೋಲ್ಟೇರ್ ಬರೆದದ್ದು.

1698ರ ಪ್ರಯಾಣದಲ್ಲಿ ಸ್ಯಾಂ ಮಾರ್ ದಾರಿಯಲ್ಲಿ ತನ್ನ ಪಾಲ್ಟೋ ಬಂಗಲೆಯಲ್ಲಿ ಇಳಿದಿದ್ದ. ಅಲ್ಲಿಯ ರೈತರು ನೋಡಿದ್ದನ್ನು ಅವನ ವಂಶದವನೊಬ್ಬ 1768ರಲ್ಲಿ ಬರೆದು ಪ್ರಕಟಿಸಿದ. ಕೈದಿ ಕಿಟಕಿಗೆ ಬೆನ್ನು ಹಾಕಿ ಊಟಕ್ಕೆ ಕೂತಿದ್ದ. ಎದುರಿಗೆ ಸ್ಯಾಂ ಮಾರ್. ಅವನ ತಟ್ಟೆಯ ಆಚೆ ಈಚೆ ಎರಡು ಪಿಸ್ತೂಲು. ನನಗೆ ಕಬ್ಬಿಣದ ಮುಖವಾಡಕ್ಕಿಂತ ಆ ಊಟದ ಮೇಜು ಹೆಚ್ಚು ಭಯ ಹುಟ್ಟಿಸುತ್ತದೆ.

ಹಾಗಾದರೆ ಅವಳಿ ಅನ್ನುವುದು ಎಲ್ಲಿಂದ ಬಂತು?

ಮೆಟ್ಟಿಲು ಮೆಟ್ಟಿಲಾಗಿ ಬಂತು. ವೋಲ್ಟೇರ್ 1717ರಲ್ಲಿ ಸ್ವತಃ ಬಾಸ್ಟಿಲ್‌ನಲ್ಲಿ ಕೈದಿಯಾಗಿದ್ದ. ಮುಖವಾಡದವನು ಸತ್ತು ಆಗ 14 ವರ್ಷ ಅಷ್ಟೇ, ಅವನ ಮಾತು ಅಲ್ಲಿ ಇನ್ನೂ ಆಡುತ್ತಿದ್ದಿರಬೇಕು. 1751ರಲ್ಲಿ ತನ್ನ ಇತಿಹಾಸ ಪುಸ್ತಕದಲ್ಲಿ ಈ ಕೈದಿಯ ಬಗ್ಗೆ ಬರೆದ. 1770ರ ಸುಮಾರಿಗೆ ಅವನ ಬರಹದಲ್ಲಿ ಇದು ರಾಜನ ಅಣ್ಣ, ರಾಣಿಗೆ ಬೇರೆ ಸಂಬಂಧದಲ್ಲಿ ಹುಟ್ಟಿದವನು ಅನ್ನುವ ವಾದ ಬಂತು. ಬಾಸ್ಟಿಲ್ ಬಿದ್ದ ಮಾರನೇ ವರ್ಷ, 1790ರಲ್ಲಿ, ಸುಲಾವಿ ಅನ್ನುವವನು ಪ್ರಕಟಿಸಿದ ಒಂದು ನೆನಪುಗಳ ಪುಸ್ತಕದಲ್ಲಿ ಅವನು ಅವಳಿಯಾದ. ಕುರುಬರು ಹೇಳಿದ ಭವಿಷ್ಯ, ಬೆಳಿಗ್ಗೆ ಒಂದು ಮಗು ರಾತ್ರಿ ಒಂದು ಮಗು, ರಾಜನ ಚಿತ್ರ ನೋಡಿ ಹುಡುಗನಿಗೆ ನಿಜ ಗೊತ್ತಾಗುವುದು ಎಲ್ಲ ಅಲ್ಲಿದೆ. ರಾಜಮನೆತನದ ಮೇಲೆ ಜನ ಸಿಡಿದೆದ್ದಿದ್ದ ಕಾಲ ಅದು, ಸ್ವಂತ ತಮ್ಮನನ್ನೇ ಹೂತಿಟ್ಟ ರಾಜ ಅಂದರೆ ಯಾರು ನಂಬುವುದಿಲ್ಲ? ಡ್ಯೂಮಾ ಅದನ್ನೇ ಎತ್ತಿಕೊಂಡು ಬಾವಿ, ಕನ್ನಡಿ ಸೇರಿಸಿದ.

14ನೇ ಲೂಯಿಗೆ ಅವಳಿ ಇರಲು ಸಾಧ್ಯವೇ ಇಲ್ವಾ?

ಇಲ್ಲ ಅಂತಲೇ ನನ್ನ ಉತ್ತರ. ಫ್ರಾನ್ಸಿನ ರಾಣಿಯ ಹೆರಿಗೆ ಬಾಗಿಲು ಹಾಕಿಕೊಂಡು ಆಗುತ್ತಿದ್ದದ್ದಲ್ಲ, ಮಗು ಬದಲಾಯಿಸಿದರು ಅನ್ನುವ ಮಾತು ಬರಬಾರದು ಅಂತ ರಾಜವಂಶದವರ ಎದುರೇ ಆಗಬೇಕಿತ್ತು. ಈ ಮಗು ಹುಟ್ಟಿದ್ದರಿಂದ ಗ್ಯಾಸ್ಟನ್ ಪಟ್ಟ ಕಳೆದುಕೊಂಡ. ಒಂದು ಸಣ್ಣ ಅನುಮಾನ ಸಿಕ್ಕಿದ್ದರೂ ಅವನು ಬಿಡುತ್ತಿದ್ದನಾ?

ಇನ್ನೂ ಗಟ್ಟಿಯಾದ ಕಾರಣ ಒಂದಿದೆ. 1675ರಲ್ಲಿ ದೋಜೆಯನ್ನು ಅದೇ ಪಿನ್ಯರೋಲ್‌ನಲ್ಲಿ ಸೆರೆಯಲ್ಲಿದ್ದ ಫೂಕೆಗೆ ಆಳಾಗಿ ಕೊಟ್ಟರು. ಕಾದಂಬರಿಯಲ್ಲಿ ಬರುವ ಮಂತ್ರಿ ಫೂಕೆಯೇ. ಫೂಕೆ ವರ್ಷಗಟ್ಟಲೆ 14ನೇ ಲೂಯಿಯ ಮುಖ ಹತ್ತಿರದಿಂದ ನೋಡಿದವನು. ರಾಜನ ಪಡಿಯಚ್ಚಿನಂಥ ಮುಖದವನನ್ನು ಅವನ ಬಟ್ಟೆಬರೆ ನೋಡಿಕೊಳ್ಳಲು ಯಾರಾದರೂ ಕಳಿಸುತ್ತಾರಾ? ರಾಜನ ತಮ್ಮನನ್ನು ಆಳಿನ ಕೆಲಸಕ್ಕೆ ಹಚ್ಚುತ್ತಾರಾ?

ಬೆಳ್ಳಿ ತಟ್ಟೆಯ ಕಥೆ ನಿಜವಾ?

ಕೈದಿ ಬೆಳ್ಳಿ ತಟ್ಟೆಯ ಮೇಲೆ ಏನೋ ಗೀಚಿ ಕಿಟಕಿಯಿಂದ ಎಸೆದ, ಮೀನುಗಾರನೊಬ್ಬನಿಗೆ ಸಿಕ್ಕಿತು, ಅವನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಜೀವ ಉಳಿಯಿತು ಅಂತ ವೋಲ್ಟೇರ್ ಹೇಳುತ್ತಾನೆ. ಡ್ಯೂಮಾನಲ್ಲಿ ಆ ತಟ್ಟೆ ಆಥೋಸ್ ಮತ್ತು ಅವನ ಮಗ ರೌಲ್‌ಗೆ ಸಿಗುತ್ತದೆ. ಅದರ ಮೂಲ ಬೇರೆ ಇರುವ ಹಾಗೆ ಕಾಣುತ್ತದೆ. ಸೇಂಟ್ ಮಾರ್ಗರಿಟ್ ದ್ವೀಪದ ಸೆರೆಯಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳೂ ಇದ್ದರು. ಅವರಲ್ಲೊಬ್ಬ ತವರದ ತಟ್ಟೆಯ ಮೇಲೆ, ಬಟ್ಟೆಯ ಮೇಲೆ ಬರೆಯುತ್ತಿದ್ದ. ಜನರ ಬಾಯಲ್ಲಿ ತವರ ಬೆಳ್ಳಿಯಾಯಿತು, ಪಾದ್ರಿ ರಾಜಕುಮಾರನಾದ.

ಬೇರೆ ಯಾರ ಯಾರ ಹೆಸರು ಕೇಳಿಬಂದಿವೆ?

ತುಂಬಾ ಇವೆ. ಇಟಲಿಯ ಮಂಟುವಾದ ಮಂತ್ರಿ ಮಟ್ಟಿಯೋಲಿ, ಬೋಫೋರ್ ಡ್ಯೂಕ್, ಇಂಗ್ಲೆಂಡಿನ ಮನ್‌ಮತ್ ಡ್ಯೂಕ್, ನಾಟಕಕಾರ ಮೋಲಿಯೇರ್ ಕೂಡ. ಮಟ್ಟಿಯೋಲಿ ಒಬ್ಬನ ವಾದಕ್ಕೆ ಸ್ವಲ್ಪ ತೂಕ ಇತ್ತು, ಸತ್ತಾಗ ಬರೆದ ಹೆಸರು ಅವನದ್ದನ್ನೇ ಹೋಲುತ್ತದೆ. ಆದರೆ ಅವನು 1694ರಲ್ಲೇ ತೀರಿಕೊಂಡಿರಬೇಕು. ಮನ್‌ಮತ್‌ನ ತಲೆಯನ್ನು 1685ರಲ್ಲಿ ಲಂಡನ್ನಿನಲ್ಲಿ ಜನರೆದುರೇ ಕಡಿದರು, ಅವನ ಮಾತು ಬಿಡಿ.

ಗಮನಿಸಬೇಕಾದದ್ದು ಅಂದರೆ ಈ ಊಹಾಪೋಹಕ್ಕೆ ಗಾಳಿ ಹಾಕಿದವರಲ್ಲಿ ಸ್ಯಾಂ ಮಾರ್ ಕೂಡ ಒಬ್ಬ. ಜನ ಈ ಕೈದಿಯನ್ನು ದೊಡ್ಡ ಸೇನಾಪತಿ ಅಂದುಕೊಂಡಿದ್ದಾರೆ ಅಂತ ಮೊದಲ ವರ್ಷವೇ ಬರೆಯುತ್ತಾನೆ. ಕೇಳಿದವರಿಗೆ ಏನೇನೋ ಕಥೆ ಕಟ್ಟಿ ಹೇಳುತ್ತೇನೆ ಅಂತಲೂ ಬರೆಯುತ್ತಾನೆ. ದ್ವೀಪಕ್ಕೆ ಹೋದ ಮೇಲೆ, ಬೋಫೋರ್ ಅಂತ ಕೆಲವರು, ಕ್ರಾಮ್‌ವೆಲ್‌ನ ಮಗ ಅಂತ ಕೆಲವರು ಹೇಳುತ್ತಾರೆ ಅಂತ ವರದಿ ಮಾಡುತ್ತಾನೆ. ಫೂಕೆ 1680ರಲ್ಲಿ ಸತ್ತ, ಇನ್ನೊಬ್ಬ ದೊಡ್ಡ ಕೈದಿ ಲೋಜಾಂ 1681ರಲ್ಲಿ ಬಿಡುಗಡೆಯಾದ. ಆಮೇಲೆ ಸ್ಯಾಂ ಮಾರ್ ಕೈಯಲ್ಲಿ ಹೆಸರುವಾಸಿಯಾದ ಕೈದಿಯೇ ಉಳಿಯಲಿಲ್ಲ. ಒಬ್ಬ ಆಳಿಗೆ ಮುಖವಾಡ ಹಾಕಿಸಿದರೆ ಕಾಯುವವನ ಬೆಲೆ ಏರುತ್ತದೆ. ಮುಖವಾಡದ ಕಾರಣ ಇದೇ ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ, ನನಗೂ ಅದೇ ಸರಿ ಅನ್ನಿಸುತ್ತದೆ.

ಬರೀ ಸೇವಕ ಅಂದರೆ ಅಷ್ಟೊಂದು ಕಾವಲು ಯಾಕೆ?

ಅವನಿಗೆ ಏನೋ ಗೊತ್ತಿತ್ತು. 1678ರಲ್ಲಿ ಲೂವ್ವಾ ಫೂಕೆಗೇ ಪತ್ರ ಬರೆದು, ಇಲ್ಲಿಗೆ ಬರುವ ಮೊದಲು ತನ್ನಿಂದ ಮಾಡಿಸಿದ ಕೆಲಸದ ಬಗ್ಗೆ ಯೂಸ್ತಾಶ್ ಇನ್ನೊಬ್ಬ ಆಳಿನ ಎದುರು ಬಾಯಿಬಿಟ್ಟಿದ್ದಾನಾ ಅಂತ ಕೇಳುತ್ತಾನೆ. ಮುಚ್ಚಿಡಬೇಕಾದದ್ದು ಅವನ ತಲೆಯಲ್ಲಿತ್ತು, ಮುಖದಲ್ಲಿ ಅಲ್ಲ. ಫೂಕೆ ಸತ್ತ ಮೇಲೆ ಅವನ ಕೋಣೆಯಿಂದ ಲೋಜಾಂ ಕೋಣೆಗೆ ಕದ್ದು ಕೊರೆದ ದಾರಿ ಸಿಕ್ಕಿತು. ತಕ್ಷಣ ಇಬ್ಬರು ಆಳುಗಳನ್ನೂ ಬಿಟ್ಟು ಕಳಿಸಿದೆವು ಅಂತ ಲೋಜಾಂಗೆ ಸುಳ್ಳು ಹೇಳಿ, ಅವರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿದರು. ಆ ಇನ್ನೊಬ್ಬ ಆಳಿನ ಹೆಸರು ಲಾ ರಿವಿಯೇರ್. ಅವನು ಯಾವ ತಪ್ಪೂ ಮಾಡಿದವನಲ್ಲ, ಫೂಕೆಯ ಸೇವೆಗೆ ಅಂತ ಬಂದವನು. ದೋಜೆಯ ಜೊತೆಗಿದ್ದ ಅನ್ನುವುದೇ ಅವನ ಅಪರಾಧ. 1687ರಲ್ಲಿ ಸೆರೆಯಲ್ಲೇ ಸತ್ತ. ಅವನ ಬಗ್ಗೆ ಯಾರೂ ಕಾದಂಬರಿ ಬರೆದಿಲ್ಲ. ಈ ಕಥೆ ಹೇಳುವಾಗಲೆಲ್ಲ ನಾನು ಅವನ ಹೆಸರನ್ನು ತಪ್ಪದೆ ಹೇಳುತ್ತೇನೆ.

ದಾರ್ತಾನ್ಯಾ ನಿಜವಾಗಿ ಇದ್ದವನಾ?

ಇದ್ದ. 1661ರಲ್ಲಿ ರಾಜನ ಆಜ್ಞೆಯ ಮೇಲೆ ಫೂಕೆಯನ್ನು ಬಂಧಿಸಿ, ಮುಂದೆ ಪಿನ್ಯರೋಲ್‌ಗೆ ಬಿಟ್ಟು ಬಂದವನು ಅವನೇ. ಸ್ಯಾಂ ಮಾರ್ ಅವನ ಕೈಕೆಳಗೆ ಇದ್ದವನು. 1673ರಲ್ಲಿ ಮಾಸ್ಟ್ರಿಕ್ಟ್ ಕೋಟೆಯ ಮುತ್ತಿಗೆಯಲ್ಲಿ ಸತ್ತ.

ಡ್ಯೂಮಾಗೆ ಇದೆಲ್ಲ ಗೊತ್ತಿದ್ದೂ ಸುಳ್ಳು ಬರೆದನಾ?

ಈ ಕೈದಿಯ ಬಗ್ಗೆ ಇದ್ದ ವಾದಗಳು ಅವನಿಗೆ ಗೊತ್ತಿದ್ದವು, ಕಾದಂಬರಿಗೆ ಮೊದಲೇ ಅದರ ಮೇಲೆ ಪ್ರಬಂಧ ಬಂದಿತ್ತು. ದೋಜೆಯ ಹೆಸರಿಗೆ ಇತಿಹಾಸಕಾರರು ಒತ್ತು ಕೊಟ್ಟಿದ್ದು 1890ರಲ್ಲಿ, ಅಂದರೆ ಡ್ಯೂಮಾ ಸತ್ತು 20 ವರ್ಷಕ್ಕೆ.

ಅವನು ಅವಳಿಯ ಕಥೆಯನ್ನೇ ಯಾಕೆ ಆರಿಸಿದ ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ಡ್ಯೂಮಾನ ಅಪ್ಪ ಕೆರಿಬಿಯನ್ನಿನ ಸೇಂಟ್ ಡೊಮಿಂಗ್‌ನಲ್ಲಿ ಗುಲಾಮ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿ, ಫ್ರಾನ್ಸಿನ ಸೈನ್ಯದಲ್ಲಿ ಜನರಲ್ ಆದವನು. ಈಜಿಪ್ಟಿನಿಂದ ವಾಪಸ್ ಬರುವಾಗ ದಕ್ಷಿಣ ಇಟಲಿಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ಕೋಟೆಯ ಸೆರೆಯಲ್ಲಿ ಕಳೆದ. ಆರೋಗ್ಯ ಪೂರ್ತಿ ಕೆಟ್ಟು ಬಂದ. ಡ್ಯೂಮಾಗೆ ನಾಲ್ಕು ವರ್ಷ ತುಂಬುವ ಮೊದಲೇ, 1806ರಲ್ಲಿ, ತೀರಿಕೊಂಡ. ಯಾರಿಗೂ ಬೇಡವಾಗಿ ಕೋಟೆಯಲ್ಲಿ ಬಿದ್ದವನ ನೋವು ಡ್ಯೂಮಾಗೆ ಮನೆಯೊಳಗಿನ ಮಾತು. ಅವನ ಕೈದಿಗಳಿಗೆ ಅಷ್ಟು ಜೀವ ಇರುವುದು ಅದಕ್ಕೇ ಅಂತ ನಾನು ನಂಬುತ್ತೇನೆ.

ಸಿನಿಮಾ ನೋಡಿದ್ದೇನೆ, ಪುಸ್ತಕ ಓದಬೇಕಾ?

1998ರಲ್ಲಿ ಲಿಯೊನಾರ್ಡೊ ಡಿಕಾಪ್ರಿಯೊ ಅಣ್ಣ ತಮ್ಮ ಎರಡೂ ಪಾತ್ರ ಮಾಡಿದ ಸಿನಿಮಾ ನೋಡಿದವರು ದಯವಿಟ್ಟು ಓದಿ. ಅಲ್ಲಿ ಒಳ್ಳೆಯ ತಮ್ಮ ರಾಜನಾಗಿ ಉಳಿಯುತ್ತಾನೆ. ಕಾದಂಬರಿಯಲ್ಲಿ ಹಾಗಾಗುವುದಿಲ್ಲ. ನಮ್ಮ ಕಡೆಗೂ ಈ ಕಥೆ ಬೇಗ ಬಂದಿದೆ. 1940ರಲ್ಲಿ ಪಿ.ಯು. ಚಿನ್ನಪ್ಪ ಎರಡು ಪಾತ್ರ ಮಾಡಿದ ತಮಿಳಿನ 'ಉತ್ತಮ ಪುತ್ತಿರನ್' ಇದರಿಂದಲೇ ಹುಟ್ಟಿದ್ದು. ಅದೇ ಹೆಸರಿನಲ್ಲಿ 1958ರಲ್ಲಿ ಶಿವಾಜಿ ಗಣೇಶನ್ ಮಾಡಿದರು.

ಆ ಸೆರೆಮನೆಗಳನ್ನು ಈಗಲೂ ನೋಡಬಹುದಾ?

ಬಾಸ್ಟಿಲ್ ಇಲ್ಲ, 1789ರಿಂದ ಕೆಡವಿಬಿಟ್ಟರು. ಪಿನ್ಯರೋಲ್ ಕೋಟೆಯೂ ಹೋಯಿತು. ಸೇಂಟ್ ಮಾರ್ಗರಿಟ್ ದ್ವೀಪದ ಕೋಟೆ ಇದೆ. ಕಾನ್‌ನಿಂದ ದೋಣಿಯಲ್ಲಿ ಹೋಗಿ ಬರಬಹುದು, ಕೈದಿಯ ಕೋಣೆ ಅಂತ ತೋರಿಸುತ್ತಾರೆ. ಫೋಟೊದಲ್ಲಿ ನೋಡಿದ್ದೇನೆ. ದಪ್ಪ ಗೋಡೆ, ಒಂದೇ ಕಿಟಕಿ, ಅದಕ್ಕೆ ಸಾಲಾಗಿ ಕಬ್ಬಿಣದ ಕಂಬಿ. ಆಚೆಗೆ ಸಮುದ್ರ. ದೋಜೆ ಆ ದ್ವೀಪದಲ್ಲಿ 11 ವರ್ಷ ಇದ್ದ.